ತುಳುಕದ ಲೋಟ: ಏರ್‌ಶೋಗಳಲ್ಲಿ ಬಿಸಿನೆಸ್ ಜೆಟ್ಟಿನ ಕಸರತ್ತು

ಕರ್ನಾಟಕದಲ್ಲಿ ವಿಮಾನಗಳ ಆಕಾಶ ಕಸರತ್ತು ಎಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಬೆಂಗಳೂರಿನ ಯಲಹಂಕ ವಾಯುನೆಲೆ. 1996ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುತ್ತಿರುವ ಏರೋ ಇಂಡಿಯಾ ಪ್ರದರ್ಶನದಲ್ಲಿ ಯುದ್ಧವಿಮಾನಗಳು ಕಿವಿಗಡಚಿಕ್ಕುವ ಸದ್ದಿನೊಡನೆ ನೆಟ್ಟಗೆ ಮೇಲೇರುವುದನ್ನೂ, ವಾಯುಪಡೆಯ ಬೀದರಿನ ಸೂರ್ಯಕಿರಣ್ ತಂಡದ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವವೇನೋ ಎಂಬಷ್ಟು ಹತ್ತಿರದಲ್ಲಿ ಸಾಲುಗಟ್ಟಿ ಉರುಳುವುದನ್ನೂ ನಾಡಿನ ಮೂಲೆಮೂಲೆಯಿಂದ ಬಂದ ಜನ ಕತ್ತೆತ್ತಿ ನೋಡಿದ್ದಾರೆ. ಇಂಥ ಪ್ರದರ್ಶನಗಳಲ್ಲಿ ನೆಲದ ಮೇಲೆ ನಿಂತೇ ನೋಟಕ್ಕೆ ಸಿಗುವ ಇನ್ನೊಂದು ಬಗೆಯ ವಿಮಾನವಿದೆ. ಉದ್ಯಮಿಗಳು, ಮಂತ್ರಿಗಳು, ಕೆಲವೊಮ್ಮೆ ತುರ್ತು ಚಿಕಿತ್ಸೆಗೆ ಹೊರಟ ರೋಗಿಗಳು ಪ್ರಯಾಣಿಸುವ, ಬೆರಳೆಣಿಕೆಯಿಂದ ಹದಿನೈದಿಪ್ಪತ್ತರವರೆಗೆ ಮಂದಿ ಕೂರಬಹುದಾದ ಆ ಸಣ್ಣ ಜೆಟ್ ವಿಮಾನವನ್ನು ಬಿಸಿನೆಸ್ ಜೆಟ್ ಎನ್ನುತ್ತಾರೆ. ಮೆತ್ತನೆಯ ಸೀಟು, ಊಟದ ಮೇಜು, ಕಿಟಕಿಯ ಪರದೆ ಇರುವ ಈ ವಿಮಾನವನ್ನೂ ಆಕಾಶದಲ್ಲಿ ಪಲ್ಟಿ ಹೊಡೆಸಿದ ಪೈಲಟ್‌ಗಳು ಅಮೆರಿಕದ ಏರ್‌ಶೋಗಳಲ್ಲಿ ಆಗಿಹೋಗಿದ್ದಾರೆ. ಅವರು ಅದನ್ನು ಹೇಗೆ ಮಾಡಿದರು ಎಂಬುದು ತಿಳಿದರೆ, ಯಲಹಂಕದ ಆಕಾಶದಲ್ಲಿ ನಡೆಯುವುದೂ ಹೊಸದಾಗಿ ಅರ್ಥವಾಗುತ್ತದೆ.

ಈ ವಿದ್ಯೆಯ ಮೊದಲ ಪಾಠ ಕೋಲಾರದ ಚಿನ್ನದ ಗಣಿಪ್ರದೇಶವಾದ ಕೆಜಿಎಫ್‌ನ ಮೈಸೂರು ಮೈನ್ಸ್, ಚಾಂಪಿಯನ್ ರೀಫ್‌ಗಳ ಗಣಿಕಾರ್ಮಿಕರ ಮೈಗೆ ಒಂದು ಶತಮಾನದ ಹಿಂದೆಯೇ ತಿಳಿದಿತ್ತು. ಕಾಲಕ್ರಮದಲ್ಲಿ ನೆಲಮಟ್ಟದಿಂದ 3 ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದಿದ್ದ ಆ ಗಣಿಗಳಲ್ಲಿ ಶಾಫ್ಟಿನೊಳಗೆ ಉಕ್ಕಿನ ಹಗ್ಗಕ್ಕೆ ತೂಗಿಬಿಟ್ಟ ಕೇಜಿನಲ್ಲಿ ನಿಂತು ಪಾಳಿಯ ಜನ ಕೆಳಗಿಳಿಯುತ್ತಿದ್ದರು. ಕೇಜು ಕೆಳಕ್ಕೆ ವೇಗ ಪಡೆಯತೊಡಗಿದ ಗಳಿಗೆಯಲ್ಲಿ ಹೊಟ್ಟೆಯೊಳಗಿನದೆಲ್ಲ ಮೇಲಕ್ಕೆ ಬಂದಂತಾಗಿ ಮೈ ಹಗುರಾಗುತ್ತದೆ, ವೇಗ ಒಂದೇ ಸಮನಾದ ಮೇಲೆ ಎಷ್ಟೇ ಬಿರುಸಾಗಿ ಇಳಿಯುತ್ತಿದ್ದರೂ ನೆಲದ ಮೇಲೆ ನಿಂತಂತೆಯೇ ಇರುತ್ತದೆ, ತಳದಲ್ಲಿ ವೈಂಡಿಂಗ್ ಎಂಜಿನ್ನಿನ ಚಾಲಕ ಬ್ರೇಕು ಹಾಕಿದಾಗ ಮೊಣಕಾಲಿಗೆ ಭಾರ ಬೀಳುತ್ತದೆ. ಮೈಗೆ ಹೀಗೆ ತಟ್ಟುವ ಭಾರವನ್ನು ಅಳೆಯಲು ವಿಮಾನಶಾಸ್ತ್ರ ಬಳಸುವ ಅಳತೆಗೆ ‘ಜಿ’ ಎಂದು ಹೆಸರು. ಸುಮ್ಮನೆ ನಿಂತವನ ಮೇಲೆ ಇರುವುದು 1 ಜಿ; ತನ್ನ ತೂಕ ಎರಡರಷ್ಟಾದಂತೆ ತೋರಿದರೆ 2 ಜಿ; ತೂಕವೇ ಇಲ್ಲದಂತಾದರೆ ಸೊನ್ನೆ; ಸೀಟಿನಿಂದ ಮೇಲೆದ್ದು ಬೆಲ್ಟಿಗೆ ನೇತುಬಿದ್ದಂತಾದರೆ ಋಣ ಜಿ. ಮನುಷ್ಯನ ಮೈಗಾಗಲಿ ವಿಮಾನದ ರೆಕ್ಕೆಗಾಗಲಿ ತಲೆ ಮೇಲಿದೆಯೋ ಕೆಳಗಿದೆಯೋ ಎಂಬುದು ಮುಖ್ಯವಲ್ಲ, ತಟ್ಟುವುದು ಈ ಹೊರೆ ಮಾತ್ರ.

ಯಾವ ವಿಮಾನ ಎಷ್ಟು ಹೊರೆ ತಾಳಬೇಕು ಎಂಬುದನ್ನು ಅದರ ವಿನ್ಯಾಸದ ಹೊತ್ತಿನಲ್ಲೇ ನಿಗದಿ ಮಾಡಲಾಗುತ್ತದೆ. ಸೂರ್ಯಕಿರಣ್ ತಂಡ ಈಗ ಹಾರಿಸುವ ಹಾಕ್ ತರಬೇತಿ ವಿಮಾನ 8 ಜಿವರೆಗಿನ ಹೊರೆ ತಾಳಬಲ್ಲದು. ಪ್ರಯಾಣಿಕರನ್ನು ಸಾಗಿಸುವ ಸಾರಿಗೆ ವರ್ಗದ ವಿಮಾನಕ್ಕೆ ಅಮೆರಿಕದ ನಿಯಮಗಳು ಗೊತ್ತುಮಾಡಿರುವ ಮಿತಿ ತೂಕಕ್ಕೆ ತಕ್ಕಂತೆ 2.5ರಿಂದ 3.8ರ ನಡುವೆ ಇದ್ದು, ಋಣ ದಿಕ್ಕಿನಲ್ಲಿ ಕೇವಲ 1 ಜಿ. ಹೆಚ್ಚಿನ ಬಿಸಿನೆಸ್ ಜೆಟ್‌ಗಳು ಈ ವರ್ಗಕ್ಕೆ ಸೇರುತ್ತವೆ. ಈ ಮಿತಿಯ ಒಂದೂವರೆ ಪಟ್ಟಿನವರೆಗೆ ರೆಕ್ಕೆ ಮುರಿಯದಂತೆ ಕಟ್ಟಬೇಕೆಂಬ ನಿಯಮವಿದ್ದರೂ ಆ ಹೆಚ್ಚುವರಿ ಬಲ ಆಪತ್ತಿಗೆಂದು ಇಟ್ಟ ಗಂಟು, ದಿನದ ಖರ್ಚಿಗೆ ಬಳಸುವಂಥದ್ದಲ್ಲ. ಆದ್ದರಿಂದ ಬಿಸಿನೆಸ್ ಜೆಟ್ಟಿನಲ್ಲಿ ಕಸರತ್ತು ಮಾಡಹೊರಟವನ ಕೈಯಲ್ಲಿ ಯುದ್ಧವಿಮಾನದ ಪೈಲಟ್ಟಿಗೆ ಇರುವ ಅವಕಾಶದ ಅರ್ಧಕ್ಕಿಂತಲೂ ಕಡಿಮೆ ಪಾಲು ಮಾತ್ರ ಇರುತ್ತದೆ, ಅದರೊಳಗೇ ಅವನು ಆಟವನ್ನೆಲ್ಲ ಆಡಿ ಮುಗಿಸಬೇಕಾಗುತ್ತದೆ.

ವಿಮಾನ ತನ್ನ ಉದ್ದದ ಅಕ್ಷದ ಸುತ್ತ ಒಂದು ಸುತ್ತು ಹೊರಳುವುದನ್ನು ರೋಲ್ ಎನ್ನುತ್ತಾರೆ. ಇದರಲ್ಲಿ ಹಲವು ಬಗೆಗಳಿದ್ದು, ಪ್ರೇಕ್ಷಕರ ಕಣ್ಣಿಗೆ ಒಂದೇ ರೀತಿ ಕಂಡರೂ ವಿಮಾನದ ಮೇಲೆ ಬೀಳುವ ಹೊರೆಯಲ್ಲಿ ಅಜಗಜಾಂತರವಿದೆ. ಮೂಗನ್ನು ಒಂದೇ ನೇರದಲ್ಲಿ ಹಿಡಿದು, ಎತ್ತರವನ್ನು ಬಿಡದೆ, ನಿಧಾನವಾಗಿ ಹೊರಳುವ ಸ್ಲೋ ರೋಲ್‌ನಲ್ಲಿ ವಿಮಾನ ತಲೆಕೆಳಗಾದಾಗ ಒಳಗಿದ್ದವರು ಬೆಲ್ಟಿಗೆ ಜೋತುಬೀಳುತ್ತಾರೆ, ಅಂದರೆ ಋಣ 1 ಜಿ ಉಂಟಾಗುತ್ತದೆ. ಸಾಮಾನ್ಯ ಪ್ರಯಾಣಿಕ ವಿಮಾನದ ಎಂಜಿನ್ನಿನ ಎಣ್ಣೆ ತನ್ನ ತೊಟ್ಟಿಯ ತಳದಲ್ಲಿ ನಿಂತಿರುತ್ತದೆಂದು ನಂಬಿ ಕೊಳವೆಗಳನ್ನು ಜೋಡಿಸಿರುವುದರಿಂದ, ಋಣ ಜಿ ಕೆಲವು ಕ್ಷಣ ಮುಂದುವರಿದರೂ ಎಣ್ಣೆಯ ಒತ್ತಡ ಬೀಳುವ, ಇಂಧನ ಸರಿಯಾಗಿ ಹರಿಯದಿರುವ ಅಪಾಯವಿದೆ. ಬ್ಯಾರಲ್ ರೋಲ್‌ನ ದಾರಿಯೇ ಬೇರೆ. ಮಲಗಿಸಿದ ಪೀಪಾಯಿಯೊಂದರ ಒಳಮೈಯನ್ನು ಬಳಸಿ ಸುತ್ತಿಕೊಂಡು ಹೋದಂತೆ, ತಿರುಪಿನ ಆಕಾರದ ಹಾದಿಯಲ್ಲಿ ಮೂಗನ್ನು ಮೊದಲು ಮೇಲೆತ್ತಿ, ಮೇಲೇರುತ್ತ ಹೊರಳಿ, ತುದಿಯಲ್ಲಿ ತಲೆಕೆಳಗಾಗಿ, ಇಳಿಯುತ್ತ ಮತ್ತೆ ನೆಟ್ಟಗಾಗುವ ಈ ಕಸರತ್ತಿನಲ್ಲಿ ಹೊರೆ ಯಾವ ಗಳಿಗೆಯಲ್ಲೂ ಸೀಟಿನ ಕಡೆಗೇ ಇರುತ್ತದೆ. ತುಂಬಿದ ತಂಬಿಗೆಯನ್ನು ಕೈಯಲ್ಲಿ ಹಿಡಿದು ತಲೆಯ ಮೇಲಿಂದ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲದಿರುವುದಕ್ಕೆ ಕಾರಣವಾದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಈ ಮಾತಿಗೆ ಜಗತ್ಪ್ರಸಿದ್ಧ ಸಾಕ್ಷ್ಯ ದೊರೆತದ್ದು 1955ರ ಆಗಸ್ಟ್‌ನಲ್ಲಿ, ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದ ಮೇಲೆ. ಬೋಯಿಂಗ್ ಕಂಪನಿಯ ಪರೀಕ್ಷಾ ಪೈಲಟ್ ಟೆಕ್ಸ್ ಜಾನ್‌ಸ್ಟನ್, ಮುಂದೆ 707 ಎಂಬ ಪ್ರಯಾಣಿಕ ವಿಮಾನಕ್ಕೆ ಮೂಲವಾದ ನಾಲ್ಕು ಎಂಜಿನ್ನಿನ ಬೃಹತ್ ಮಾದರಿ ವಿಮಾನವನ್ನು ದೋಣಿಪಂದ್ಯಕ್ಕೆ ನೆರೆದಿದ್ದ ಜನಸಂದಣಿಯ ಮುಂದೆ ಎರಡು ಬಾರಿ ಬ್ಯಾರಲ್ ರೋಲ್ ಮಾಡಿಸಿದರು. ಕಂಪನಿಯ ಅಧ್ಯಕ್ಷ ವಿಲಿಯಂ ಅಲೆನ್ ಅವರಿಗೆ ಇದು ಮುಂಚಿತವಾಗಿ ತಿಳಿದಿರಲಿಲ್ಲ. ವಿವರಣೆ ಕೇಳಿದಾಗ ಜಾನ್‌ಸ್ಟನ್, ತಾವು ವಿಮಾನವನ್ನು ಮಾರುತ್ತಿದ್ದುದಾಗಿಯೂ ಆ ಕಸರತ್ತಿನಲ್ಲಿ ವಿಮಾನಕ್ಕೆ 1 ಜಿಗಿಂತ ಹೆಚ್ಚಿನ ಅರಿವೇ ಆಗದೆಂಬರ್ಥದಲ್ಲಿಯೂ ಉತ್ತರ ಕೊಟ್ಟರು. ಕರಾರುವಾಕ್ಕಾಗಿ ಹೇಳುವುದಾದರೆ ಮೂಗನ್ನು ಎತ್ತುವಾಗಲೂ ಕೊನೆಯಲ್ಲಿ ಇಳಿತವನ್ನು ತಡೆಯುವಾಗಲೂ ಹೊರೆ 1ಕ್ಕಿಂತ ಹೆಚ್ಚಾಗಲೇಬೇಕು, ತುದಿಯಲ್ಲಿ ಕಡಿಮೆಯಾಗಬಹುದು; ಆದರೆ ಒಳ್ಳೆಯ ಕೈಯಲ್ಲಿ ಈ ಏರಿಳಿತ ಸಾರಿಗೆ ವಿಮಾನದ ಮಿತಿಯೊಳಗೆ ಸಲೀಸಾಗಿ ನಿಲ್ಲುತ್ತದೆ ಎಂಬ ಅವರ ತಿರುಳಿನಲ್ಲಿ ತಪ್ಪಿಲ್ಲ.

ರೋಲ್ ಸಾಧುವಾದರೆ ಲೂಪ್ ಅಷ್ಟು ಸಾಧುವಲ್ಲ. ವಿಮಾನ ಮೂಗೆತ್ತಿ ನೆಟ್ಟಗೆ ಏರಿ, ಹಿಂದಕ್ಕೆ ಬಾಗಿ ತಲೆಕೆಳಗಾಗಿ, ಮತ್ತೆ ಕೆಳಗಿಳಿದು ಹೊರಟ ಜಾಗಕ್ಕೇ ಬರುವ ನಿಲುವಾದ ಸುತ್ತು ಇದು. ಎಂಜಿನ್ನಿನ ನೂಕುಬಲವನ್ನೂ ಗಾಳಿಯ ತಡೆಯನ್ನೂ ಬದಿಗಿಟ್ಟು, ಕೇವಲ ವೇಗದ ಬಲದಿಂದ ಕರಾರುವಾಕ್ಕಾದ ವೃತ್ತವೊಂದನ್ನು ಬರೆಯಬೇಕಾದರೆ, ತುದಿಯಲ್ಲಿ ಹೊರೆ ಸೊನ್ನೆಗಿಂತ ಕೆಳಗಿಳಿಯದಿರಲು ತಳದಲ್ಲಿ ಕನಿಷ್ಠ 6 ಜಿ ಹೊರೆ ಬೀಳಲೇಬೇಕೆಂದು ಪಿಯುಸಿ ಭೌತಶಾಸ್ತ್ರದ ಲೆಕ್ಕವೇ ತೋರಿಸುತ್ತದೆ. ವೃತ್ತ ಚಿಕ್ಕದಾಗಲಿ ದೊಡ್ಡದಾಗಲಿ ಈ 6 ಎಂಬ ಅಂಕಿ ಬದಲಾಗುವುದಿಲ್ಲ. ಹಾಕ್ ವಿಮಾನಕ್ಕೆ ಇದು ನಿಲುಕುವ ಮಾತು, ಬಿಸಿನೆಸ್ ಜೆಟ್ಟಿಗೆ ರೆಕ್ಕೆ ಮುರಿಯುವ ಮಾತು. ಹಾಗಾದರೆ ಬಿಸಿನೆಸ್ ಜೆಟ್ಟಿನಲ್ಲಿ ಲೂಪ್ ಹೊಡೆದವರು ಏನು ಮಾಡಿದರು ಎಂದರೆ, ವೃತ್ತವನ್ನು ಕೈಬಿಟ್ಟು ಮೊಟ್ಟೆಯ ಆಕಾರವನ್ನು ಹಿಡಿದರು. ತಳದಲ್ಲಿ ವೇಗ ಹೆಚ್ಚಿರುವಾಗ ಮೆಲ್ಲಗೆ, ದೊಡ್ಡ ಬಾಗಿನಲ್ಲಿ ಮೂಗೆತ್ತಿ, ಎಂಜಿನ್ನಿನ ಪೂರ್ಣ ಬಲವನ್ನು ಬೆನ್ನಿಗಿಟ್ಟುಕೊಂಡು ಏರಿ, ವೇಗ ಕರಗಿಹೋದ ತುದಿಯಲ್ಲಿ ಮಾತ್ರ ಚಿಕ್ಕ ಬಾಗಿನಲ್ಲಿ ತಿರುಗಿದರೆ, ಹೊರೆ ಯಾವ ಹಂತದಲ್ಲೂ ಮಿತಿ ಮೀರದಂತೆ ನೋಡಿಕೊಳ್ಳಬಹುದು. ಮನರಂಜನಾ ಉದ್ಯಾನಗಳ ರೋಲರ್ ಕೋಸ್ಟರ್‌ಗಳಲ್ಲಿ ಹಳಿಯ ಸುತ್ತು ಗುಂಡಗಿರದೆ ನೀರಿನ ಹನಿಯಂತೆ ಮೇಲೆ ಕಿರಿದಾಗಿರುವುದಕ್ಕೂ ಇದೇ ಕಾರಣ. ನಮ್ಮ ಜಾತ್ರೆಗಳ ಮೃತ್ಯುಕೂಪದಲ್ಲಿ ಬೈಕು ಓಡಿಸುವವರು ಗೋಡೆಗೆ ಅಂಟಿಕೊಂಡಂತೆ ಸುತ್ತುವಾಗ ವೇಗಕ್ಕೂ ಬಾಗಿಗೂ ಇರುವ ನಂಟನ್ನು ಮೈಯಿಂದಲೇ ಅರಿತಿರುತ್ತಾರೆ. ಪೈಲಟ್ ಅದನ್ನು ಮೀಟರುಗಳನ್ನು ನೋಡುತ್ತ, ಗೋಡೆಯೇ ಇಲ್ಲದ ಬಯಲಿನಲ್ಲಿ ಮಾಡಬೇಕು.

ವೇಗ ಮತ್ತು ಎತ್ತರಗಳ ಈ ವಿನಿಮಯವೇ ಇಡೀ ಕಲೆಯ ಜೀವಾಳ. ಗಂಟೆಗೆ 540 ಕಿಲೋಮೀಟರ್ ವೇಗದಲ್ಲಿರುವ ವಿಮಾನ ತನ್ನ ವೇಗವನ್ನೆಲ್ಲ ಎತ್ತರವಾಗಿ ಮಾರ್ಪಡಿಸಿಕೊಂಡರೆ, ಗಾಳಿಯ ತಡೆಯನ್ನು ಲೆಕ್ಕಿಸದಿದ್ದಲ್ಲಿ ಸುಮಾರು 1,150 ಮೀಟರ್ ಮೇಲೇರಬಲ್ಲದು. ವೇಗ ಅರ್ಧಕ್ಕಿಳಿದು 270 ಆದರೆ ಏರಬಲ್ಲ ಎತ್ತರ ಅರ್ಧವಾಗದೆ ಕಾಲು ಭಾಗಕ್ಕೆ, ಅಂದರೆ 290 ಮೀಟರಿಗಿಂತಲೂ ಕೆಳಕ್ಕೆ ಬೀಳುತ್ತದೆ. ಅಂಗಡಿಯ ಜಮಾ-ಖರ್ಚಿನ ಪುಸ್ತಕದಂತೆ ಪೈಲಟ್ಟಿನ ಮನಸ್ಸಿನಲ್ಲಿ ಈ ಲೆಕ್ಕ ಪ್ರತಿ ಕ್ಷಣವೂ ಓಡುತ್ತಿರಬೇಕಾಗುತ್ತದೆ, ಏಕೆಂದರೆ ಜೆಟ್ ಎಂಜಿನ್ ಸಾಲ ಕೊಡುವುದರಲ್ಲಿ ನಿಧಾನಿ. ಥ್ರಾಟಲ್ಲನ್ನು ಮುಂದಕ್ಕೆ ತಳ್ಳಿದೊಡನೆ ಅದು ಪೂರ್ಣ ಬಲ ಕೊಡುವುದಿಲ್ಲ. ಒಳಗಿನ ಚಕ್ರಗಳು ವೇಗ ಪಡೆಯಲು ಹಲವು ಸೆಕೆಂಡುಗಳು ಬೇಕಾಗುತ್ತವೆ, ನೆಲ ಅಷ್ಟು ಹೊತ್ತು ಕಾಯುವುದಿಲ್ಲ.

ಈ ಲೆಕ್ಕದಲ್ಲಿ ಸರಿಸಾಟಿಯಿಲ್ಲದ ಪೈಲಟ್ ಎಂದು ಬಹುಮಂದಿ ಒಪ್ಪಿಕೊಂಡಿರುವುದು ಅಮೆರಿಕದ ಬಾಬ್ ಹೂವರ್ ಅವರನ್ನು. 1922ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡ ಇವರು ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಹಾರಿಸುತ್ತಿದ್ದಾಗ ಹೊಡೆದುರುಳಿಸಲ್ಪಟ್ಟು ಜರ್ಮನಿಯ ಸೆರೆಶಿಬಿರ ಸೇರಿ, ಅಲ್ಲಿಂದ ಪಾರಾಗಿ, ಜರ್ಮನರದೇ ವಿಮಾನವೊಂದನ್ನು ಹಾರಿಸಿಕೊಂಡು ಬಂದವರು; 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಶಬ್ದದ ವೇಗವನ್ನು ಮೀರಿದಾಗ ಅವರ ಬೆಂಗಾವಲಿಗೆ ಹಾರಿದವರು. ಮುಂದೆ ಏರ್‌ಶೋಗಳಿಗೆ ಅವರು ಆರಿಸಿಕೊಂಡದ್ದು ಕಸರತ್ತಿಗೆಂದೇ ಕಟ್ಟಿದ ಪುಟ್ಟ ವಿಮಾನಗಳನ್ನಲ್ಲ, ವ್ಯಾಪಾರಿಗಳು ಓಡಾಡಲು ಬಳಸುವ ಶ್ರೈಕ್ ಕಮಾಂಡರ್ ಎಂಬ ಎರಡು ಪ್ರೊಪೆಲ್ಲರಿನ ವಿಮಾನವನ್ನೂ ಸೇಬರ್‌ಲೈನರ್ ಎಂಬ ಬಿಸಿನೆಸ್ ಜೆಟ್ಟನ್ನೂ. ಶ್ರೈಕ್ ಕಮಾಂಡರ್‌ನಲ್ಲಿ ಎರಡೂ ಎಂಜಿನ್‌ಗಳನ್ನು ಆಕಾಶದಲ್ಲೇ ನಿಲ್ಲಿಸಿ, ಧುಮುಕಿ ಗಳಿಸಿದ ವೇಗವೊಂದನ್ನೇ ಬಂಡವಾಳ ಮಾಡಿಕೊಂಡು ಲೂಪ್, ರೋಲ್‌ಗಳನ್ನು ಮುಗಿಸಿ, ಸದ್ದಿಲ್ಲದೆ ಇಳಿದು, ಎಂಜಿನ್ ಚಾಲೂ ಮಾಡದೆಯೇ ಪ್ರೇಕ್ಷಕರ ಮುಂದೆ ಬಂದು ನಿಲ್ಲುತ್ತಿದ್ದರು. ರೋಲ್ ನಡೆಯುತ್ತಿರುವಾಗಲೇ ಹೂಜಿಯಿಂದ ಲೋಟಕ್ಕೆ ಚಹಾ ಬಗ್ಗಿಸಿ ಒಂದು ಹನಿ ಚೆಲ್ಲದಂತೆ ತೋರಿಸಿದ ಅವರ ದೃಶ್ಯ ಚಿತ್ರೀಕರಣಗೊಂಡು ಪ್ರಸಿದ್ಧವಾಗಿದೆ. ಅದನ್ನು ಮೋಜೆಂದು ನೋಡಿ ಮರೆಯುವವರೇ ಹೆಚ್ಚು. ವಾಸ್ತವವಾಗಿ ಆ ಲೋಟ ಒಂದು ಅಳತೆಯ ಉಪಕರಣ. ಚಹಾ ನೆಟ್ಟಗೆ ಲೋಟದೊಳಕ್ಕೆ ಬೀಳುತ್ತಿದೆಯೆಂದರೆ ಹೊರೆ ಸೀಟಿನ ಕಡೆಗೇ ಇದೆ, ಪಕ್ಕಕ್ಕೆ ಜಾರುತ್ತಿಲ್ಲ, ಎಣ್ಣೆ ಮತ್ತು ಇಂಧನಗಳು ತಮ್ಮ ತಮ್ಮ ತಳದಲ್ಲಿವೆ ಎಂದು ಅರ್ಥ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ನಿದರ್ಶನ ಸಿಗುವುದು ಕಷ್ಟ.

ಬಿಸಿನೆಸ್ ಜೆಟ್ಟಿಗೂ ಕಸರತ್ತಿಗೂ ವಂಶದ ನಂಟೂ ಉಂಟು. 1958ರಲ್ಲಿ ಮೊದಲು ಹಾರಿದ ಸೇಬರ್‌ಲೈನರ್, ಸೇಬರ್ ಎಂಬ ಹೆಸರಾಂತ ಯುದ್ಧವಿಮಾನವನ್ನು ಕಟ್ಟಿದ ನಾರ್ತ್ ಅಮೆರಿಕನ್ ಕಂಪನಿಯದೇ ಕೂಸಾಗಿದ್ದು, ಅದರ ರೆಕ್ಕೆಯ ರೂಪದಲ್ಲಿ ಆ ಹೋಲಿಕೆ ಎದ್ದು ಕಾಣುತ್ತದೆ. 1963ರಲ್ಲಿ ಹಾರಿದ ಲಿಯರ್‌ಜೆಟ್‌ನ ವಿನ್ಯಾಸಕ್ಕೆ ಸ್ವಿಟ್ಜರ್‌ಲೆಂಡಿನ ಪಿ-16 ಯುದ್ಧವಿಮಾನ ಪ್ರೇರಣೆಯಾಗಿತ್ತು. ಆ ಲಿಯರ್‌ಜೆಟ್ಟನ್ನು ಏರ್‌ಶೋಗಳಲ್ಲಿ ಕಸರತ್ತಿಗೆ ಬಳಸಿದವರು ಪೈಲಟ್ ಕ್ಲೇ ಲೇಸಿ. ಫ್ರಾನ್ಸಿನ ಪ್ಯಾರಿಸ್ ಎಂಬ ನಾಲ್ಕು ಸೀಟಿನ ಜೆಟ್, ತರಬೇತಿ ವಿಮಾನವೊಂದರಿಂದ ಬೆಳೆದು ಬಂದದ್ದು, ಸ್ವೀಡನ್ನಿನ ಸಾಬ್ 105 ತರಬೇತಿಗೂ ನಾಲ್ವರ ಪ್ರಯಾಣಕ್ಕೂ ಒದಗುವಂತೆ ರೂಪಿಸಿದ್ದು. ಹೀಗೆ ನೋಡಿದರೆ ಸಣ್ಣ ತರಬೇತಿ ಜೆಟ್ಟೂ ಮೊದಲ ತಲೆಮಾರಿನ ಬಿಸಿನೆಸ್ ಜೆಟ್ಟೂ ದಾಯಾದಿಗಳು, ಆ ದಾಯಾದಿಗಳಲ್ಲಿ ಕರ್ನಾಟಕದ್ದೇ ಆದ ಒಂದು ವಿಮಾನವೂ ಇದೆ.

ಅದು ಕಿರಣ್. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್, ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಳಿಸಿದ ಈ ವಿಮಾನ ಮೊದಲು ಹಾರಿದ್ದು 1964ರ ಸೆಪ್ಟೆಂಬರ್ 4ರಂದು. ಕೆಜಿಎಫ್‌ನ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಬೆಮೆಲ್ ಸಂಸ್ಥೆ ಸ್ಥಾಪನೆಗೊಂಡದ್ದೂ ಅದೇ ವರ್ಷ, ಅದರ ಮೊದಲ ಕಾರ್ಖಾನೆ ಎಚ್‌ಎಎಲ್‌ನ ರೈಲುಬೋಗಿ ವಿಭಾಗವೇ ಆಗಿತ್ತು. ಚಿನ್ನದ ಗಣಿಗೂ ವಿಮಾನಕ್ಕೂ ಇರುವ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಮೊದಲು ತಲುಪಿದ್ದು ಕೋಲಾರದ ಗಣಿಗಳನ್ನು, ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಆ ವಿದ್ಯುತ್ತಿನ ಆಸರೆಯಲ್ಲಿ ಕೈಗಾರಿಕೆಯ ಊರಾಗಿ ಬೆಳೆದ ಬೆಂಗಳೂರಿನಲ್ಲಿ 1940ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಒತ್ತಾಸೆಯಿಂದ, ಉದ್ಯಮಿ ವಾಲಚಂದ್ ಹೀರಾಚಂದ್ ಅವರ, ಮುಂದೆ ಎಚ್‌ಎಎಲ್ ಆದ ವಿಮಾನ ಕಾರ್ಖಾನೆಗೆ ಸಂಸ್ಥಾನ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತು. ನೆಲದಾಳದ ಚಿನ್ನಕ್ಕಾಗಿ ಎಳೆದ ತಂತಿ ಕಾಲಾನಂತರದಲ್ಲಿ ಆಕಾಶಕ್ಕೂ ದಾರಿ ಮಾಡಿಕೊಟ್ಟಿತೆಂದರೆ ಅತಿಶಯವಾಗಲಾರದು.

ಕಿರಣ್‌ನಲ್ಲಿ ಗುರು-ಶಿಷ್ಯರು ಒಬ್ಬರ ಪಕ್ಕ ಒಬ್ಬರು ಕೂರುತ್ತಾರೆ. ಅದರ ಎರಡನೆಯ ಮಾದರಿಯನ್ನು ಆಧರಿಸಿ 1996ರಲ್ಲಿ ಬೀದರಿನಲ್ಲಿ ಕಟ್ಟಿದ ತಂಡವೇ ಸೂರ್ಯಕಿರಣ್. 2011ರಲ್ಲಿ ವಿಮಾನಗಳನ್ನು ತರಬೇತಿಗೆ ಮರಳಿಸಬೇಕಾಗಿ ಬಂದು ನಿಂತುಹೋಗಿದ್ದ ಈ ತಂಡ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿಯ ಮೇಲೆ ತಯಾರಾದ ಹಾಕ್ ವಿಮಾನಗಳೊಂದಿಗೆ 2015ರಲ್ಲಿ ಮತ್ತೆ ಆಕಾಶಕ್ಕೇರಿತು. ಒಂಟಿ ಬಿಸಿನೆಸ್ ಜೆಟ್ಟಿನ ಪೈಲಟ್ ನೆಲವನ್ನೂ ತನ್ನ ವಿಮಾನದ ಮಿತಿಯನ್ನೂ ನೋಡಿಕೊಂಡರೆ ಸಾಕು. ಒಂಬತ್ತು ವಿಮಾನಗಳ ತಂಡದಲ್ಲಿ ನಾಯಕನೊಬ್ಬನೇ ಅವೆರಡನ್ನೂ ನೋಡುತ್ತಾನೆ, ಉಳಿದ ಎಂಟು ಮಂದಿ ಪಕ್ಕದ ವಿಮಾನದ ಮೇಲಿನ ಗುರುತಿನಿಂದ ಕಣ್ಣು ಕದಲಿಸುವಂತಿಲ್ಲ. ಈ ಕಾರಣಕ್ಕೆ ತಂಡದ ನಾಯಕ ಹೂವರ್ ಅವರಷ್ಟೇ ಮೆತ್ತಗೆ ಹಾರಿಸಬೇಕಾಗುತ್ತದೆ. ವಿಮಾನ 8 ಜಿ ತಾಳುತ್ತದೆಂದು ನಾಯಕ ಒರಟಾಗಿ ಎಳೆದರೆ ಸಾಲಿನ ತುದಿಯಲ್ಲಿರುವವನು ಹಿಂಬಾಲಿಸಲಾರ. ಯಲಹಂಕದಲ್ಲಿ ಈ ತಂಡದ ಲೂಪ್‌ಗಳು ಅಷ್ಟು ವಿಶಾಲವಾಗಿ, ನಿಧಾನವಾಗಿ ತೋರುವುದರಲ್ಲಿ ಸೌಂದರ್ಯದಷ್ಟೇ ಈ ಅಗತ್ಯವೂ ಇದೆ.

ಯಲಹಂಕದ ಗಾಳಿಯೂ ಒಂದು ಷರತ್ತು ಹಾಕುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಬಯಲಿನಲ್ಲಿ ಫೆಬ್ರುವರಿಯ ಮಧ್ಯಾಹ್ನ ತಾಪಮಾನ 30 ಡಿಗ್ರಿ ತಲುಪಿದಾಗ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣ ಸ್ಥಿತಿಗಿಂತ ಸುಮಾರು ಶೇಕಡ 15ರಷ್ಟು ಕಡಿಮೆಯಿರುತ್ತದೆ. ರೆಕ್ಕೆಗೆ ಅದೇ ಎತ್ತುಬಲ ಸಿಗಬೇಕಾದರೆ ವಿಮಾನ ಹೆಚ್ಚು ವೇಗವಾಗಿ ಚಲಿಸಬೇಕು. ವೇಗ ಹೆಚ್ಚಿದರೆ ಅದೇ ಹೊರೆಯಲ್ಲಿ ಬಾಗು ದೊಡ್ಡದಾಗುತ್ತದೆ. ಬಾಗು ದೊಡ್ಡದಾದರೆ ಇಳಿಯುವಾಗ ನೆಲಕ್ಕೂ ವಿಮಾನಕ್ಕೂ ಇರುವ ಅಂತರ ಕಿರಿದಾಗುತ್ತದೆ. ಜೊತೆಗೆ ಎಂಜಿನ್ನಿನ ಬಲವೂ ಕುಗ್ಗಿರುತ್ತದೆ. ಸಮುದ್ರತೀರದ ಊರಿನಲ್ಲಿ ಕಲಿತ ಅದೇ ಅಂಕಿಗಳನ್ನು ಇಲ್ಲಿ ಹಾಗೆಯೇ ಬಳಸಿದ ಪೈಲಟ್ ಅಪಾಯವನ್ನು ಕರೆದಂತೆ.

ಬಿಸಿನೆಸ್ ಜೆಟ್ಟಿನಲ್ಲಿ ಅತ್ಯಂತ ಭಯಂಕರವಾದ ತಪ್ಪು ಯಾವುದೆಂದರೆ, ರೋಲ್‌ನ ಮಧ್ಯದಲ್ಲಿ ಮೂಗು ಬಿದ್ದುಹೋಗುವುದು. ಮೊದಲಿಗೆ ಮೂಗನ್ನು ಸಾಕಷ್ಟು ಎತ್ತದೆ ಹೊರಳಲು ಹೊರಟರೆ ವಿಮಾನ ತಲೆಕೆಳಗಾಗಿರುವಾಗಲೇ ನೆಲದ ಕಡೆಗೆ ಮುಖ ಮಾಡುತ್ತದೆ. ಗಾಳಿಯನ್ನು ಸುಲಭವಾಗಿ ಸೀಳುವಂತೆ ನುಣುಪಾಗಿ ರೂಪಿಸಿದ ಈ ವಿಮಾನ ಇಳಿಜಾರಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ತನ್ನ ವೇಗದ ಮಿತಿಯನ್ನು ದಾಟುತ್ತದೆ, ಆಗ ಗಾಬರಿಯಿಂದ ಹಿಡಿಯನ್ನು ಎಳೆದರೆ ಹೊರೆಯ ಮಿತಿಯೂ ದಾಟುತ್ತದೆ, ಎಳೆಯದಿದ್ದರೆ ನೆಲವೇ ಎದುರಾಗುತ್ತದೆ. ಯುದ್ಧವಿಮಾನದಲ್ಲಿ ಇಂಥ ಗಳಿಗೆಗೆಂದು ಪೈಲಟ್ಟನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟಿದೆ, ಬಿಸಿನೆಸ್ ಜೆಟ್ಟಿನಲ್ಲಿ ಅದಿಲ್ಲ. ಆ ಸೀಟು ಇದ್ದರೂ ಕಸರತ್ತು ಎಷ್ಟು ನಿಷ್ಠುರವಾದದ್ದು ಎಂಬುದನ್ನು ಬೆಂಗಳೂರು 2019ರ ಫೆಬ್ರುವರಿ 19ರಂದು ಕಂಡಿದೆ. ಏರೋ ಇಂಡಿಯಾ ಆರಂಭದ ಹಿಂದಿನ ದಿನ ಅಭ್ಯಾಸದಲ್ಲಿದ್ದ ಸೂರ್ಯಕಿರಣ್ ತಂಡದ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ಕಳೆದುಕೊಂಡರು, ಇಬ್ಬರು ಪೈಲಟ್‌ಗಳು ಹೊರಚಿಮ್ಮಿ ಬದುಕಿದರು. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ವಿಮಾನಗಳು ಡಿಕ್ಕಿಯಾಗಿ ಒಂದು ಜನರ ನಡುವೆಯೇ ಬಿದ್ದು 70 ಮಂದಿ ಸತ್ತ ಮೇಲೆ, ಪ್ರೇಕ್ಷಕರ ಕಡೆಗೆ ಮುಖಮಾಡಿ ಕಸರತ್ತು ನಡೆಸಬಾರದೆಂಬ ಕಟ್ಟುಪಾಡು ಬಿಗಿಯಾಯಿತು. ಏರ್‌ಶೋಗಳಲ್ಲಿ ವಿಮಾನಗಳು ಜನರಿಗೆ ಸಮಾನಾಂತರವಾಗಿ, ದೂರದ ಗೆರೆಯೊಂದರ ಮೇಲೆ ಓಡುವುದನ್ನು ಕಂಡು ಬೇಸರಪಡುವವರು ಆ ಗೆರೆಯ ಬೆಲೆಯನ್ನು ನೆನೆಯಬೇಕು.

ಇಂಥ ಕಸರತ್ತನ್ನು ಪ್ರತಿ ವಿಮಾನವೂ ಮಾಡಬಲ್ಲದು, ಆದ್ದರಿಂದ ಪ್ರತಿ ಪೈಲಟ್ಟೂ ಮಾಡಬಹುದು ಎಂಬ ತೀರ್ಮಾನ ಮಾತ್ರ ತಪ್ಪು. ಹೂವರ್ ಅವರ ಬೆನ್ನಿಗೆ ಯುದ್ಧದ, ಪರೀಕ್ಷಾ ಹಾರಾಟದ ದಶಕಗಳ ಅನುಭವವಿತ್ತು. ಅವರು ತಾವು ಪ್ರದರ್ಶಿಸಿದ ವಿಮಾನವನ್ನು ಕಟ್ಟಿದ ಕಂಪನಿಯ ಎಂಜಿನಿಯರುಗಳೊಂದಿಗೇ ಕೆಲಸ ಮಾಡಿದವರಾಗಿದ್ದರು. ಬಾಡಿಗೆಗೆ ಓಡುವ ಬಿಸಿನೆಸ್ ಜೆಟ್ಟನ್ನು ಪ್ರಯಾಣಿಕರಿಲ್ಲದ ಸಮಯದಲ್ಲಿ ಹೊರಳಿಸಿ ನೋಡುವುದು ವಿದ್ಯೆಯೆನಿಸದು. ಆ ವಿಮಾನದ ರೆಕ್ಕೆಯ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕೊಂದು ಹುಟ್ಟಿದರೆ ಅದನ್ನು ಅನುಭವಿಸಬೇಕಾದವರು ಮುಂದಿನ ವಾರ ಅದರಲ್ಲಿ ಕೂರುವ, ಏನೂ ಅರಿಯದ ಪ್ರಯಾಣಿಕರು.

ಕೆಜಿಎಫ್‌ನ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು, ಕೇಜುಗಳು ನಿಂತಿವೆ. ಆದರೆ ಅವುಗಳಲ್ಲಿ ಇಳಿದು ಹತ್ತಿದ ಹಿರಿಯರು ಮಾರಿಕುಪ್ಪಂ, ಉರಿಗಾಂ, ಬಂಗಾರಪೇಟೆಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಜಿ ಎಂದರೇನೆಂದು ಮಕ್ಕಳಿಗೆ ವಿವರಿಸಲು ಅವರಿಗಿಂತ ಒಳ್ಳೆಯ ಶಿಕ್ಷಕರಿಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲುಗಳಿವೆ; ಎಚ್‌ಎಎಲ್‌ನ ವಸ್ತುಸಂಗ್ರಹಾಲಯದಲ್ಲಿ ಕಿರಣ್ ವಿಮಾನವನ್ನು ಹತ್ತಿರದಿಂದ ನೋಡಬಹುದು. ಮುಂದಿನ ಏರೋ ಇಂಡಿಯಾಕ್ಕೆ ಮಕ್ಕಳೊಡನೆ ಹೋಗುವವರು ಸದ್ದು ಎಲ್ಲಿ ಜೋರಾಗಿದೆ ಎಂದು ನೋಡುವ ಬದಲು, ಲೂಪ್‌ನ ತಳದಲ್ಲಿ ನಾಯಕ ಎಷ್ಟು ಮೆತ್ತಗೆ ಮೂಗೆತ್ತುತ್ತಾನೆ, ರೋಲ್‌ಗೆ ಮೊದಲು ಮೂಗು ಎಷ್ಟು ಮೇಲಿದೆ, ಇಳಿದು ಬಂದಾಗ ಹೊರಟ ಎತ್ತರವೇ ಉಳಿದಿದೆಯೇ ಎಂಬ ಮೂರು ಸಂಗತಿಗಳ ಮೇಲೆ ಕಣ್ಣಿಡಲಿ.